ಹಿರಿಯರ ತಟ್ಟೆ

…ಅಲ್ಲ ಅಜ್ಜಿ, ನಗ್ತೀಯಾ ಯಾಕೆ? ಪಾದ್ರಿ ಟೋಪಿಯೊಳಗೆ ಏಡಿ ಬಿಟ್ಟೋನು ನಾನಲ್ಲ! ನಾನು ಬರೀ ಏಡಿಗೆ ದಾರಿ ತೋರಿಸ್ದೆ… ಹ್ಞೂಂ, ನಗು, ನಗು. ನೀನು ಹಲ್ಲು ತೋರಿಸಿ ನಲವತ್ತು ದಿನ ಆಯ್ತು. ಕ್ಯಾರಿಯಾಕೂ ದ್ವೀಪದಲ್ಲೆಲ್ಲ ನನ್ನಂಥ ತರಲೆ ಇನ್ನೊಬ್ಬ ಇಲ್ಲ ಅಂತ ಜೆಫ್ರಿನ್ ಮಾಮ ಹೇಳ್ತಿದ್ದ, ಅಲ್ವಾ?

ಬಡಿಸು. ಕೈ ಯಾಕೆ ನಿಂತ್ಹೋಯ್ತು? ಮಾಮನಿಗೆ ತೊಗರಿಕಾಳು ಇನ್ನೊಂಚೂರು ಹಾಕು. ಬಿಳಿ ಬಟ್ಟೆ ಹಾಸಿದೀನಿ, ಮೋಂಬತ್ತಿ ಇಟ್ಟಿದೀನಿ, ರಮ್ಮೂ ಇದೆ. ಆಮೇಲೆ ಬಾಗಿಲು ಮುಚ್ಚೋದು. ಸತ್ತೋರು ಬಂದು ಉಣ್ಣೋವರೆಗೆ ಯಾರೂ ಮುಟ್ಟಬಾರದು. ಗೊತ್ತು ಅಜ್ಜಿ, ಗೊತ್ತು.

ಕಾಲಾ? ಬಂಡೆಗೆ ಅಂಟ್ಕೊಂಡಿದ್ದ ಕಡಲಮುಳ್ಳುಂಡೆ ತುಳಿದೆ. ಆರು ಮುಳ್ಳು ಒಳಗೇ ಇವೆ. ನಿಂಬೆಹಣ್ಣು ಹಚ್ಚೋದು ಬೇಡ, ಬಿಡು… ನೋವೇ ಇಲ್ಲ. ಯಾರದೋ ಕಾಲು ಅನ್ನೋ ಹಾಗಿದೆ.

ಹಾಗೆ ನಿನ್ನ ಕೈ ನೀನೇ ನೋಡ್ಕೋಬೇಡ ಅಜ್ಜಿ. ನಿನ್ನ ತಪ್ಪೇನಿದೆ? ಹೊಸ ದೋಣೀಲಿ ಒಂದು ಹಲಗೆ ಜಿನುಗುತ್ತೆ, ಒಂದು ವಾರ ತಡೆದು ಹೊರಡ್ತೀನಿ ಅಂದ ಮಾಮ. ತೀರಿಹೋದ ಅಜ್ಜನಿಗೆ ತಟ್ಟೆ ಇಡೋಣ, ಅವರು ಉಂಡರೆ ಹೊರಡು, ಇಲ್ಲದಿದ್ರೆ ನಿಲ್ಲು ಅಂದೆ ನೀನು. ಅಷ್ಟೇ ತಾನೆ? ಅಂಗಳದಲ್ಲಿ ದೊಡ್ಡ ಡೋಲು ಬಡೀತಿದ್ರು, ಎಲ್ಲರೂ ಕುಣೀತಿದ್ವಿ… ನಾನೂ! ನಾನೂ ಅಲ್ಲೇ ಇದ್ದೆ! ಬಾಗಿಲು ತೆಗೆದ್ರೆ ತಟ್ಟೇಲಿ ಬರೀ ಮೂಳೆ. ಮಾಮ ಅತ್ತೇಬಿಟ್ಟ. "ಅಪ್ಪ ಬಂದು ಉಂಡ" ಅಂದ. ಮಾರನೇ ಬೆಳಿಗ್ಗೆ ಹಾಯಿ ಬಿಚ್ಚಿದ. ದಡಕ್ಕೆ ವಾಪಸ್ ಬಂದಿದ್ದು ಚುಕ್ಕಾಣಿ ಒಂದೇ.

ಅಜ್ಜಂದೂ ತಪ್ಪಲ್ಲ. ಹಸಿವಾಗಿತ್ತು, ಬಂದ, ತಿಂದ. ಹಸಿದೋನು ಹಲಗೆ ಗಿಲಗೆ ಅಂತ ಯೋಚಿಸ್ತಾನಾ? ಅದೂ ಎಂಥ ಊಟ! ಮುದ್ದೆ ತುಂಬಾ ಗಂಟು, ಕೋಳಿ ತೊಡೆ ಮೂಳೆ ಹತ್ರ ಇನ್ನೂ ಹಸಿಹಸಿ, ಕಚ್ಚಿದ್ರೆ ಕೆಂಪು ರಸ…

…

ಏನಜ್ಜಿ? ಏನಂದೆ ನಾನು?

ಅಜ್ಜನೇ ಹೇಳಿದ್ದು. ಕನಸಲ್ಲಿ! ಬಂದು ಒಂದೇ ಸಮ ಬೈದ, ನಿಮ್ಮಜ್ಜಿಗೆ ಅಡುಗೆ ಬರಲ್ಲ ಅಂತ… ನಗು ಅಜ್ಜಿ. ನಗಲ್ವಾ?

ಬೈಯಾದ್ರೂ ಬೈ. ಸೌಟು ತಗೊಂಡು ಬಾರಿಸು.

ಯಾಕೆ ಎದ್ದೆ? ಅದು ಮಾಮನ ತಟ್ಟೆ. ನನ್ನ ಮುಂದೆ ಯಾಕೆ ಇಡ್ತೀಯ?

ತಿನ್ನಬೇಕಾ?

ಸರಿ. ತಿಂತೀನಿ.

…ಈ ಸಲ ಕೋಳಿ ಚೆನ್ನಾಗಿ ಬೆಂದಿದೆ, ಅಜ್ಜಿ.