ಒಂದೇ ಮನೆಗೆ ಎರಡು ಬೀಗದ ಕೈ

“ಹಲೋ... ಯಾರು ಮಾತಾಡೋದು?... ಯಾವ ಮಾರಿಯಮ್ಮ?... ಹಾಂ, ಊರಿಗಾಂ ಮಾರಿಯಮ್ಮಕ್ಕ! ಮೊನ್ನೆ ನಿಮ್ ಪಕ್ಕದ ಲೈನ್ ಮನೆ ನೋಡಾಕೆ ಬಂದಾಗ ನಂಬರ್ ಕೊಟ್ಟಿದ್ನಲ್ಲ, ಅದೇ ಶಶಿರೇಖ ನಾನು. ಏನ್ ವಿಷ್ಯ, ಏಳಿ ಅಕ್ಕ...”

ಬಂಗಾರಪೇಟೆಯ ಬ್ಯಾಂಕಿನ ಮೆಟ್ಟಿಲ ಮೇಲೆ ಶಶಿರೇಖ ಬೆಳಗಿನಿಂದ ಕಾಲು ಸುಟ್ಟ ಬೆಕ್ಕಿನಂತೆ ಓಡಾಡುತ್ತಿದ್ದಳು. ಇರುವ ಒಂದೇ ಮನೆಯನ್ನು ಅಡವಿಟ್ಟು ಊರಿಗಾಂನಲ್ಲಿ ಇನ್ನೊಂದು ಕೊಳ್ಳುವುದು, ಅದರ ಬಾಡಿಗೆಯಲ್ಲೇ ಸಾಲ ತೀರಿಸುವುದು, ಎಲ್ಲ ಅವಳದೇ ಹಠ. ಒಲ್ಲೆನೆಂದ ಗಂಡ ಮುನೀಂದ್ರನನ್ನು ಹತ್ತು ದಿನ ತಲೆ ತಿಂದು ಒಪ್ಪಿಸಿದ್ದಳು. ಈಗ ಅವನು ಒಳಗೆ ಸರದಿಗಾಗಿ ಕಾಯುತ್ತಿದ್ದ.

“ಬ್ಯಾಂಕ್ ಅತ್ರ ಇದೀನಕ್ಕ. ನಮ್ಮನೆ ಪತ್ರ ಇಟ್ಟು ಲೋನ್ ತಗೊಳ್ತಾ ಇದೀವಿ, ಇವತ್ತೇ ಸೈನು... ಏನು? ಗೃಹಪ್ರವೇಶಾನಾ? ಒಲೆ ಇಟ್ಟು ಆಲುಕ್ಕಿಸ್ತಾ ಇದಾರಾ? ಯಾರ ಮನೇಲಿ?... ಆ ಮನೇಲಾ? ಅದೆಂಗಕ್ಕ, ಬೀಗದ ಕೈ ನನ್ ಅತ್ರ ಐತಲ್ಲ!...”

ಸೆರಗಿನ ಗಂಟು ಮುಟ್ಟಿ ನೋಡಿಕೊಂಡಳು. ಇತ್ತು. ಚಿನ್ನದ ಗಣಿಯವರು ಕೂಲಿಗಳಿಗೆ ಕಟ್ಟಿಸಿದ ಹಳೇ ಲೈನ್ ಮನೆಗಳಿಗೆ ಪತ್ರ ಕೇಳಬಾರದು, ಬೀಗದ ಕೈ ಯಾರ ಹತ್ತಿರವೋ ಮನೆ ಅವರದು ಎಂದು ವ್ಯಾಪಾರ ಕುದುರಿಸಿದ್ದು ಅವಳ ಸ್ವಂತ ತಮ್ಮ ಗೋಪಿ. ಸೊಪ್ಪಿನವಳ ತಕ್ಕಡಿಯನ್ನೂ ನಂಬದ ಶಶಿರೇಖ ತಮ್ಮನನ್ನು ಕಣ್ಣು ಮುಚ್ಚಿಕೊಂಡು ನಂಬಿದ್ದಳು.

“ಯಾರಂತೆ ಅವ್ರು?... ಅಡ್ವಾನ್ಸ್ ಕೊಟ್ಟವ್ರಾ? ಬೀಗದ ಕೈ ಅವ್ರಿಗ್ಯಾರು ಕೊಟ್ಟಿದ್ದು?... ಮೊನ್ನೆ ನನ್ಜೊತೆ ಬಂದಿದ್ದೋನಾ?... ಇಲ್ಲಕ್ಕ, ಅವ್ನು ನನ್ ತಮ್ಮ, ಕೋಲಾರ್ಕೆ ಓಗವ್ನೆ. ಬೆಳಿಗ್ಗೆ ತಾನೇ ಫೋನ್ ಮಾಡಿ ಏಳಿದ್ದ... ಬೇರೆ ಯಾರೋ ಇರ್ಬೇಕು. ಎಸ್ರು ಕೇಳಿ ನೋಡಿ... ಗೋಪೀನಾ?...”

ಒಳಗಿನಿಂದ ಮುನೀಂದ್ರ ಬಾ ಎಂದು ಕೈ ಬೀಸಿದ. ಮುಖದಲ್ಲಿ ನಗು ಬೇರೆ. ಅವಳಿಗೆ ಹೆದರಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು.

“ಅಕ್ಕ, ಅವ್ನ ಕೈಗೆ ಫೋನ್ ಕೊಡಿ... ಲೇ ಗೋಪಿ, ನಾನ್ ಕಣ್ಲಾ, ನಿಮ್ಮಕ್ಕ. ಬೈಯಲ್ಲ, ಎದುರ್ಕೋಬ್ಯಾಡ... ನಾನ್ ಕೊಟ್ಟ ಅಡ್ವಾನ್ಸ್ ಓದ್ರೆ ಓಗ್ಲಿ. ನಿಮ್ ಭಾವ ಪೆನ್ ಇಡ್ಕೊಂಡು ಕುಂತವ್ರೆ. ಒಂದೇ ಒಂದ್ ಮಾತೇಳು, ನಮ್ಮನೆ ಅಡ ಇಡಾಣಾ, ಬ್ಯಾಡ್ವಾ?...”

“ಹಾಂ?... ಏನಂದೆ?...” ಶಶಿರೇಖ ಫೋನನ್ನು ಕಿವಿಗೆ ಒತ್ತಿಕೊಂಡಳು.

“ಸೈನ್ ಮಾಡು ಅಂತೀಯಾ?... ಬ್ಯಾರೇವ್ರು ಆಲುಕ್ಕಿಸ್ತಾ ಇರೋ ಮನೇಲಿ ನಿಂತ್ಕೊಂಡು, ನಂಗೆ ಸೈನ್ ಮಾಡು ಅಂತೀಯೇನ್ಲಾ?... ಗೋಪಿ?... ಲೇ...”

ಲೈನು ಕಟ್ಟಾಯಿತು. ಶಶಿರೇಖ ಒಳಗೆ ಓಡಿ, ಗಂಡನ ಕೈಯಿಂದ ಪೆನ್ನು ಕಿತ್ತುಕೊಂಡಳು.