ಗೋಡೆಗೆ ತೂಗಿದ ಸ್ಲೆಡ್

"ಹಲೋ… ಯಾರು ಮಾತಾಡುವುದು? ಕನ್ನಡಕ ಇಲ್ಲ, ಕೈಯೆಲ್ಲ ಹಿಟ್ಟು."

…

"ಸುಮಿತ್? ಯಾಕೆ ಮಗಾ ಅಷ್ಟು ದೂರದಿಂದ ಕೇಳ್ತದೆ? … ಫೋನ್ ಕಿಟಕಿಯಲ್ಲಿ ಇಟ್ಟಿದ್ದಿಯಾ? ಮತ್ತೆ ಡಯಲ್ ಮಾಡಿದ್ದು ಯಾರು?"

…

"ಹಾಂ, ಫೋನಿಗೇ ಕೂಗಿ ಹೇಳಿದ್ಯಾ. 'ಅಲಿಕುಂಞಿ ಕಾಕ' ಅಂದ್ರೆ ಅದಕ್ಕೆ ತಿಳಿಯಲಿಲ್ಲ, 'ಅಮ್ಮ' ಅಂದ್ರೆ ತಿಳಿಯಿತು. ಒಳ್ಳೇ ಫೋನ್! ಏನಾಯ್ತು, ಹೇಳು."

…

ಚಂದ್ರಮತಿ ಕೊಲ್ಲಿನಾಡಿನ ಬನಿಯಾಸಿನ ತನ್ನ ಅಡುಗೆಮನೆಯಲ್ಲಿ ಒಲೆ ಆರಿಸಿದಳು. ಮಗ ಮುಸಫ್ಫಾದ ಮರಗೆಲಸದ ಶೆಡ್ಡಿನಲ್ಲಿ ಒಬ್ಬನೇ. ಶೆಡ್ಡಿನ ಯಜಮಾನ ಅಲಿಕುಂಞಿ ಕಾಕ ಮತ್ತು ಉಳಿದವರೆಲ್ಲ ಶುಕ್ರವಾರದ ನಮಾಜಿಗೆ ಹೋಗಿದ್ದರು.

"ರೂಟರ್ ಮಿಷನಿಗಾ? ಮರ ಕೊರೆಯುವ ಆ ತಿರುಗುವ ಅಲಗಿಗೆ ಗ್ಲೌಸ್ ಸುತ್ತಿಕೊಂಡಿತಾ? ಬೆರಳು? ಮೊದಲು ಬೆರಳು ಹೇಳು! … ಐದೂ ಉಂಟಲ್ವಾ? ಎಳೆಯಬೇಡ, ಹಾಗೇ ಇರು."

…

"ಸ್ಲೆಡ್ ಎಲ್ಲಿ? ಅಪ್ಪ ತನ್ನ ಬೆರಳು ಹೋದ ಮೇಲೆ ನಿನಗಂತಲೇ ಮಾಡಿದ್ದು. ಮರವನ್ನು ಅದರಲ್ಲಿ ಬಿಗಿದು, ಅದರ ಹಿಡಿಕೆ ಹಿಡಿದು ದೂಡು, ಕೈ ಅಲಗಿನ ಹತ್ತಿರ ಹೋಗುವುದೇ ಬೇಡ ಅಂದಿದ್ರಲ್ವಾ? … ಗೋಡೆಯಲ್ಲಿ ತೂಗ್ತಾ ಉಂಟಾ! ಸಣ್ಣ ತುಂಡಿಗೆ ಯಾಕೆ ಅಂತ… ಆಯ್ತು, ಆಯ್ತು. ಈಗ ಬೈಯುವುದಿಲ್ಲ."

…

"ಮಿಷನ್ ಸಿಕ್ಕಿಕೊಂಡು ಬ್ರೇಕರ್ ಬಿದ್ದು ಕರೆಂಟ್ ಹೋದದ್ದಾ? ಮಿಷನಿನ ಸ್ವಿಚ್ ಇನ್ನೂ ಆನ್ ಉಂಟಾ? … ಮಗಾ, ಕಾಕ ಬಂದವರು ಮೊದಲು ಹೊರಗಿನ ಬ್ರೇಕರ್ ಎತ್ತಿಯೇ ಒಳಗೆ ಕಾಲಿಡುವುದು, ಅಲ್ವಾ? ಆಗ ಮಿಷನ್ ಮತ್ತೆ ತಿರುಗ್ತದೆ!"

…

"ಇನ್ನೊಂದು ಫೋನಿಂದ ಅವರಿಗೆ ಮಾಡಿದೆ. ಆಫ್. ನಮಾಜಲ್ವಾ… ಪ್ಲಗ್ ಎಲ್ಲಿ? … ನೆಲದಲ್ಲಾ? ಎಡಗೈ ಎಟಕದಿದ್ರೆ ಕಾಲು ಉಂಟಲ್ಲ! ಶೂ ಕಳಚು."

…

"ಸೋಫಾದಿಂದ ಏಳದೆ ಕಾಲಲ್ಲೇ ರಿಮೋಟ್ ಎತ್ತುತ್ತಿದ್ದಿ, ನಾನು ಸೋಮಾರಿ ಅಂತ ಬೈತಿದ್ದೆ. ಹಾಂ, ಅದೇ ವಿದ್ಯೆ. ಹೆಬ್ಬೆರಳಿಗೆ ವಯರ್ ಸಿಕ್ಕಿಸು. ಮೆಲ್ಲ… ಜಾರಿತಾ? ಪರವಾಗಿಲ್ಲ, ಇನ್ನೊಮ್ಮೆ. ನಾನು ಇಲ್ಲೇ ಇದ್ದೇನೆ."

…

"ಗಾಡಿ ಶಬ್ದವಾ? ಬಂದ್ರಾ? … ಎಳಿ ಮಗಾ! ಎಳಿ!"

…

"ಸುಮಿತ್? … ಏನದು ಗರ್ರ್ ಅಂತ? ಸುಮಿತ್!"

…

"ಫ್ಯಾನಾ? … ಫ್ಯಾನ್ ಮಾತ್ರವಾ? ಪ್ಲಗ್ ಬಂದಿತ್ತಾ?"

ಅವಳು ನೆಲದಲ್ಲೇ ಕುಳಿತು, ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡಳು.

"ಕಾಕಾ, ನೀವಾ? … ಹಾಂ, ಹಾಂ, ಗ್ಲೌಸ್ ಕತ್ತರಿಸಿಯೇ ಬಿಡಿಸಿ. ಮತ್ತೆ ಆ ಗೋಡೆಯ ಸ್ಲೆಡ್ ಉಂಟಲ್ಲ, ಅದನ್ನು ಇಳಿಸಿ ಇವನ ಎರಡೂ ಕೈಗೆ ಕೊಡಿ, ಇನ್ನು ಅದಿಲ್ಲದೆ ಮಿಷನ್ ಮುಟ್ಟಿದ್ರೆ…"

ಟೂಂ… ಟೂಂ…