ಸತ್ತ ಮಂಗಗಳ ಸಂಖ್ಯೆ

ಈ ಸಭೆಯ ಅಧ್ಯಕ್ಷರಾದ ಬಿಂದುಮಾಧವ ಅವರೇ, ಶಾಲು ಹೊದ್ದು ಸೆಕೆಗೆ ಬೆವರುತ್ತ ಕುಳಿತಿರುವ ನಮ್ಮ ಡಾಕ್ಟರ್ ಬಾಯಾರೇ, ಅಂದರೆ ಡಾ. ಕುಂದಾ ಇನಾಮದಾರ ಅವರೇ, ಈಗಷ್ಟೇ ಮಾನಪತ್ರ ಓದಿದ ಉಪನ್ಯಾಸಕಿ ಪೂರ್ವಾ ಅವರೇ, ಬೆಳಗಾವಿಯ ದೊಡ್ಡ ದೊಡ್ಡ ವೈದ್ಯರೇ, ಖಾನಾಪುರದ ಕಡೆಯಿಂದ ಟೆಂಪೋ ಮಾಡಿಕೊಂಡು ಬಂದು ಹಿಂದಿನ ಸಾಲಿನಲ್ಲಿ ಕುಳಿತಿರುವ ನಮ್ಮೂರಿನ ಹಿರಿಯರೇ, ತಾಯಂದಿರೇ, ಸಭಿಕರೇ.

ಅಧ್ಯಕ್ಷರು ನನಗೆ ಐದು ನಿಮಿಷ ಕೊಟ್ಟಿದ್ದಾರೆ. ನಾನು ಪಶು ಇಲಾಖೆಯಲ್ಲಿ ಮೂವತ್ತೊಂದು ವರ್ಷ ದನಗಳ ಕಾಲು ಹಿಡಿದವನು. ಈ ನೆಹರು ನಗರದ ಸಭಾಂಗಣದಲ್ಲಿ ಮೈಕು ಹಿಡಿಯುತ್ತಿರುವುದು ಇದೇ ಮೊದಲು. ದನ ಒದೆಯುತ್ತದೋ ಇಲ್ಲವೋ ಎಂಬುದು ಅದರ ಕಿವಿ ನೋಡಿದರೆ ತಿಳಿಯುತ್ತದೆ. ಸಭಿಕರ ವಿಷಯದಲ್ಲಿ ಆ ಅನುಕೂಲವಿಲ್ಲ. ಭಾಷಣವನ್ನು ನನ್ನ ಮಗಳು ಮನಿಷಾ ಶುದ್ಧ ಭಾಷೆಯಲ್ಲಿ ತಿದ್ದಿಕೊಟ್ಟಿದ್ದಾಳೆ. ತಪ್ಪಿದರೆ ಅದು ನನ್ನದು, ಸರಿಯಿದ್ದದ್ದು ಅವಳದು.

ಬಾಯಾರು ಯಾರು, ಏನು ಮಾಡಿದರು ಎಂಬುದನ್ನು ಮಾನಪತ್ರ ಹೇಳಿದೆ. ಮೈಯೊಳಗೆ ರಕ್ತ ಸೋರಿಸುವ ಜ್ವರಗಳ ವೈರಾಣುಗಳು ಕಾಡಿನಲ್ಲಿ ಯಾವ ಪ್ರಾಣಿಯಲ್ಲಿ ಬದುಕುತ್ತವೆ, ಯಾವ ದಾರಿಯಿಂದ ಮನುಷ್ಯನಿಗೆ ಬರುತ್ತವೆ ಎಂದು ಇಪ್ಪತ್ತಮೂರು ವರ್ಷ ಹುಡುಕಿದರು ಎಂದಿದೆ. ಸರಿಯಾಗಿಯೇ ಇದೆ. ಆದರೆ ಹುಡುಕುವುದು ಎಂದರೆ ಏನು? ಅದನ್ನು ಮಾನಪತ್ರ ಬರೆದವರು ನೋಡಿಲ್ಲ, ನಾನು ನೋಡಿದ್ದೇನೆ.

೧೯೭೮ರಲ್ಲಿ ಇಲಾಖೆ ನನ್ನನ್ನು ಅವರ ಕೈಕೆಳಗೆ ಹಾಕಿತು. ಖಾನಾಪುರದಲ್ಲಿ ತಗಡಿನ ಎರಡು ಕೋಣೆ, ಅದೇ ಪ್ರಯೋಗಾಲಯ. ಮುಂಜಾನೆ ಲೋಂಡಾದ ಕಾಡಿಗೆ ಹೋಗುವುದು, ಬಿಳಿ ಬಟ್ಟೆಯೊಂದನ್ನು ಕೋಲಿಗೆ ಕಟ್ಟಿ ಒಣ ಎಲೆಗಳ ಮೇಲೆ ಎಳೆಯುವುದು, ಹತ್ತು ಹೆಜ್ಜೆಗೊಮ್ಮೆ ನಿಂತು ಬಟ್ಟೆಗೆ ಹತ್ತಿದ ಉಣ್ಣಿಗಳನ್ನು ಚಿಮಟದಿಂದ ಆರಿಸುವುದು. ಸಾಸಿವೆಗಿಂತ ಸಣ್ಣ ಉಣ್ಣಿ. ನಮ್ಮೂರ ತಮ್ಮಣ್ಣ ದಿನಾ ನಿಂತು ನೋಡುತ್ತಿದ್ದ. ಒಂದು ದಿನ ಕೇಳಿಯೇಬಿಟ್ಟ: "ಬಾಯಾರ, ಒಗದಿದ್ದ ಅರಿವಿ ಹಿಂಗ್ಯಾಕ ಎಳದ್ಯಾಡ್ತೀರಿ? ಮತ್ತ ಒಗಿಯೂದು ನಿಮಗ ಬ್ಯಾಸರ ಇಲ್ಲೇನ್ರಿ?" ಬಾಯಾರು ನಗಲಿಲ್ಲ. ಅವನನ್ನು ಕೂರಿಸಿ, ಉಣ್ಣಿ ತೋರಿಸಿ, ಅರ್ಧ ಗಂಟೆ ವಿವರಿಸಿದರು. ಮರುದಿನದಿಂದ ತಮ್ಮಣ್ಣನೂ ಬಟ್ಟೆ ಎಳೆದ.

ಆರಿಸಿದ್ದನ್ನು ಮಂಜುಗಡ್ಡೆ ತುಂಬಿ ಹೊಗೆಯಾಡುವ ಡಬ್ಬಿಯಲ್ಲಿಟ್ಟು ರೈಲಿನಲ್ಲಿ ಬೆಳಗಾವಿಗೆ ಒಯ್ಯುತ್ತಿದ್ದೆವು. ದೇಸೂರಿನಲ್ಲಿ ಹತ್ತಿದವರೊಬ್ಬರು ಡಬ್ಬಿ ನೋಡಿ ನನ್ನನ್ನು ಕುಲ್ಫಿ ಮಾರುವವನೆಂದು ತಿಳಿದು ಎರಡು ಕೊಡು ಎಂದರು. ಬಾಯಾರು ತಕ್ಷಣ, "ಇವತ್ತಿಂದು ನಿಮಗ ಒಗ್ಗೂದಿಲ್ಲರೀ" ಎಂದರು. ಇಪ್ಪತ್ತಮೂರು ವರ್ಷದಲ್ಲಿ ನಾನು ಕೇಳಿದ ಅವರ ಒಂದೇ ತಮಾಷೆ ಅದು.

ಬಾಯಾರು ನನಗೆ ಕಲಿಸಿದ ಮೊದಲ ಪಾಠ ಇದು. ಜನ ಮಂಗನ ಕಾಯಿಲೆ ಎನ್ನುವ ಈ ಜ್ವರಕ್ಕೆ ಮಂಗ ಅಪರಾಧಿಯಲ್ಲ. ರೋಗ ಇರುವುದು ಉಣ್ಣಿಯಲ್ಲಿ ಮತ್ತು ಕಾಡಿನ ಇಲಿ, ಸೊಂಡಿಲಿಗಳಲ್ಲಿ. ನಮ್ಮ ದನಗಳು ಆ ಉಣ್ಣಿಗಳನ್ನು ಮೇಯಿಸಿ ಬೆಳೆಸುತ್ತವೆ. ಮಂಗ ನಮ್ಮ ಹಾಗೆಯೇ ಕಚ್ಚಿಸಿಕೊಂಡು ಸಾಯುತ್ತದೆ. "ನಾಗಲಿಂಗ, ಅದು ನಮಗಿಂತ ಎರಡು ವಾರ ಮೊದಲ ಸಾಯ್ತದ. ಅದು ಸತ್ತದ್ದು ಗೊತ್ತಾದ್ರ ಮನಷ್ಯಾನ್ನ ಉಳಸ್ಲಿಕ್ಕೆ ಬರ್ತದ" ಎನ್ನುತ್ತಿದ್ದರು. ಮಂಗ ಬಿದ್ದ ಜಾಗದ ಸುತ್ತ ಉಣ್ಣಿ ಸಾಯುವ ಪುಡಿ ಹೊಡೆದು, ಜನ ಆ ಕಡೆ ಹೋಗದಂತೆ ಮಾಡಿದರೆ ಸಾಕು. ಅದಕ್ಕಾಗಿ ಒಂದು ಫಾರ್ಮು ಇತ್ತು. ಪ್ರತಿ ಶನಿವಾರ ಹತ್ತು ಹಳ್ಳಿಗಳ ಫಾರ್ಮನ್ನು ನಾನು ತುಂಬಬೇಕು. ಮೂರನೆಯ ಕಾಲಂ: ಸತ್ತ ಮಂಗಗಳ ಸಂಖ್ಯೆ. ಎಂಟು ವರ್ಷ ನಾನು ಅಲ್ಲಿ "ಇಲ್ಲ" ಎಂದೇ ಬರೆದೆ.

ಇಲ್ಲಿಯವರೆಗೆ ಮಗಳು ತಿದ್ದಿಕೊಟ್ಟದ್ದು ಇತ್ತು. ಇನ್ನು ಮುಂದಿನದು ಹಾಳೆಯಲ್ಲಿಲ್ಲ. ಪೂರ್ವಾ ಅವರು ಮಾನಪತ್ರ ಓದುವಾಗ ಒಂದು ವಾಕ್ಯ ಬಂತು, ನೀವೂ ಕೇಳಿದ್ದೀರಿ. "ತಮ್ಮ ಜೀವಮಾನದಲ್ಲಿ ಒಂದೇ ಒಂದು ತಪ್ಪು ವರದಿ ನೀಡಿ, ಅದನ್ನು ಧೈರ್ಯದಿಂದ ಒಪ್ಪಿಕೊಂಡ ಧೀಮಂತ ವಿಜ್ಞಾನಿ." ಆ ವಾಕ್ಯ ಕೇಳಿದ ಮೇಲೆ ನನಗೆ ಹಾಳೆಯಲ್ಲಿದ್ದದ್ದನ್ನಷ್ಟೇ ಓದಿ ಕೂರಲು ಮನಸ್ಸಾಗುತ್ತಿಲ್ಲ. ಅಧ್ಯಕ್ಷರು ಗಡಿಯಾರ ನೋಡಿಕೊಳ್ಳುತ್ತಿದ್ದಾರೆ. ಇನ್ನೆರಡು ನಿಮಿಷ ಸಹಿಸಿಕೊಳ್ಳಬೇಕು.

ನಮ್ಮ ಕಡೆ ಮಂಗ ಸತ್ತರೆ ಅದು ಪ್ರಾಣಿ ಸತ್ತಂತೆ ಅಲ್ಲ, ಹನುಮಪ್ಪ ತೀರಿಕೊಂಡಂತೆ. ಮೈ ತೊಳೆದು, ಗಂಧ ಹಚ್ಚಿ, ಕುರ್ಚಿಯ ಮೇಲೆ ಕೂರಿಸಿ, ಭಜನೆ ಮಾಡುತ್ತ ಒಯ್ದು ಗುಡಿಯ ಹಿಂದೆ ಮಣ್ಣು ಮಾಡುತ್ತೇವೆ. ಅಲ್ಲಿಯವರೆಗೆ ನಾನು ಬರೆದ "ಇಲ್ಲ" ನಿಜವೇ ಆಗಿತ್ತು. ೧೯೮೬ರ ಫೆಬ್ರುವರಿ ಎರಡನೆಯ ವಾರದಲ್ಲಿ ನನ್ನ ತಮ್ಮ ಭರಮಪ್ಪ ದನ ಕಾಯಲು ಹೋದವನು ಒಂದು ಸತ್ತ ಮಂಗನನ್ನು ಹೆಗಲ ಮೇಲೆ ಹೊತ್ತು ತಂದ. ನಾನು ಫಾರ್ಮಿನ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಅವನು ಹೇಳಿದ: "ಅಣ್ಣಾ, ನೀ ಬರದಿ ಅಂದ್ರ ಬಾಯಾರು ಬಂದು ಹೊಟ್ಟಿ ಕೊಯ್ತಾರ. ಹನುಮಪ್ಪನ ಹೊಟ್ಟಿ ಕೊಯ್ಯೂದ ಬ್ಯಾಡ. ಬರೀಬ್ಯಾಡ."

ನಾನು "ಆತು ಬಿಡು" ಅಂದೆ.

ಅವ್ವ ಮೈ ತೊಳೆದಳು. ಭರಮಪ್ಪ ಕುರ್ಚಿ ಹೊತ್ತ, ಇನ್ನೊಂದು ಕಡೆ ನಾನು ಹೊತ್ತೆ. ಎಂಟು ವರ್ಷ ಉಣ್ಣಿ ಆರಿಸಿದವನಿಗೆ ಸತ್ತ ಮಂಗನ ಮೈಯಿಂದ ಉಣ್ಣಿ ಇಳಿಯುತ್ತದೆಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಶನಿವಾರ ಮೂರನೆಯ ಕಾಲಂನಲ್ಲಿ "ಇಲ್ಲ" ಎಂದು ಬರೆದೆ. ತಿಂಗಳ ಕೊನೆಗೆ ಬಾಯಾರು ಆ ಫಾರ್ಮುಗಳನ್ನು ನಂಬಿ, ಈ ಕಾಡಿನಲ್ಲಿ ರೋಗವಿಲ್ಲ ಎಂದು ಸರಕಾರಕ್ಕೆ ವರದಿ ಕಳಿಸಿದರು. ಅಷ್ಟರಲ್ಲಿ ಭರಮಪ್ಪನಿಗೆ ಜ್ವರ ಬಂದಿತ್ತು. ಒಸಡಿನಲ್ಲಿ ರಕ್ತ ಕಂಡಿತು. ಒಂಬತ್ತನೆಯ ದಿನ ಅವನು ಹೋದ. ಅವನಿಗೆ ಇಪ್ಪತ್ತಾರು ವರ್ಷ.

ಅವನ ರಕ್ತ ಪರೀಕ್ಷೆ ಮಾಡಿದವರು ಬಾಯಾರೇ. ಫಲಿತಾಂಶ ಕೈಯಲ್ಲಿ ಹಿಡಿದು ನಮ್ಮ ಮನೆಗೆ ಬಂದರು. ನಮ್ಮ ಕಟ್ಟೆಯ ಮೇಲೆ ಕುಳಿತು ಕೇಳಿದರು: "ನಾಗಲಿಂಗ, ಈ ಕಡೆ ಮಂಗ ಸತ್ತಿತ್ತೇನು?" ನಾನು "ಇಲ್ರಿ ಬಾಯಾರ" ಎಂದೆ. ತಮ್ಮ ಸತ್ತ ಐದನೆಯ ದಿನವೂ ನಾನು ಸುಳ್ಳು ಹೇಳಿದೆ. ಒಳಗಿನಿಂದ ನಮ್ಮವ್ವ ಸಂಗವ್ವ ಹೊರಗೆ ಬಂದಳು. "ಸತ್ತಿತ್ರಿ. ನಾನ ಮೈ ತೊಳದೀನಿ. ಇಂವಾ ಹೊತ್ತಾನ" ಎಂದಳು.

ಬಾಯಾರು ಕೈಯಲ್ಲಿದ್ದ ಫಲಿತಾಂಶದ ಹಾಳೆಯನ್ನು ಮಡಚಿದರು. ನಂತರ ನನ್ನ ಕಡೆ ತಿರುಗಿದರು. "ಫಾರ್ಮಿನ್ಯಾಗ ಏನು ಬರದೀ?" "ಇಲ್ಲಂತ ಬರದೀನ್ರಿ." ಆಗ ಅವರು ಹೇಳಿದ್ದು ಇದು: "ಫಾರ್ಮಿನ ಕೆಳಗ ಸಹಿ ನನ್ನದದ. ಎಂಟು ವರ್ಷ ಇಲ್ಲಿ ತಿರಗೀನಿ. ಮಂಗ ಸತ್ರ ನೀವು ಏನು ಮಾಡ್ತೀರಿ ಅಂತ ಒಮ್ಮೆನೂ ಕೇಳಲಿಲ್ಲ. ತಪ್ಪು ನನ್ನದು."

ಮರುದಿನವೇ ಸರಕಾರಕ್ಕೆ ಪತ್ರ ಬರೆದರು. ವಿಚಾರಣೆ ನಡೆಯಿತು. ಯಾರ ಹೆಸರನ್ನೂ ಹೇಳಲಿಲ್ಲ. ಅವರಿಗೆ ಬರಬೇಕಿದ್ದ ದೊಡ್ಡ ಹುದ್ದೆ ಬೇರೆಯವರಿಗೆ ಹೋಯಿತು. ಅವರು ತಗಡಿನ ಕೋಣೆಯಲ್ಲಿಯೇ ಉಳಿದರು, ನನ್ನನ್ನೂ ಉಳಿಸಿಕೊಂಡರು. ನನ್ನ ನೌಕರಿ ಉಳಿಯಿತು, ಪಿಂಚಣಿ ಬರುತ್ತಿದೆ, ಮಗಳು ಓದಿದಳು. ಇಷ್ಟು ದಿನ ನಾನು ಸುಮ್ಮನಿದ್ದೆ.

ಆ ದಿನ ನಮ್ಮವ್ವ ಬಾಯಾರಿಗೆ ಒಂದು ಮಾತು ಹೇಳಿದ್ದಳು. "ಕೊಯ್ಯಾಕ ಬೇಕಂದ್ರ ಕೊಯ್ರಿ ಬಾಯಾರ. ಆದ್ರ ಹೊಲೀರಿ. ಹೊಲದ ಮ್ಯಾಲ ನೀವ ಮೈ ತೊಳದು, ಮಾಲಿ ಹಾಕಿ ಕೊಡ್ರಿ. ಮಣ್ಣಿಗೂ ನಿಂದರಬೇಕು." ಬಾಯಾರು ಒಪ್ಪಿದರು. ಬರಿಗೈಯಿಂದ ಬೇರೆ ಯಾರೂ ಮುಟ್ಟಬಾರದು ಎಂದು ತಮ್ಮದೊಂದು ಶರತ್ತು ಹಾಕಿದರು. ಅಂದಿನಿಂದ ಯಾವ ಹಳ್ಳಿಯಲ್ಲಿ ಮಂಗ ಸತ್ತರೂ "ಹನುಮಪ್ಪ ತೀರಿಕೊಂಡಾನ, ಬಾಯಾರ್ನ ಕರೀರಿ" ಎಂದು ಜನರೇ ಹೇಳಿಕಳಿಸತೊಡಗಿದರು. ಬಾಯಾರು ಕೈಗವಸು ಹಾಕಿಕೊಂಡು, ಪರೀಕ್ಷೆಗೆ ಬೇಕಾದದ್ದು ತೆಗೆದುಕೊಂಡು, ಮಗುವಿನ ಅಂಗಿ ಹೊಲಿಯುವಷ್ಟು ಸಣ್ಣ ಹೊಲಿಗೆ ಹಾಕಿ, ಮೈ ತೊಳೆದು, ಕುರ್ಚಿಯ ಮೇಲೆ ಕೂರಿಸಿ, ಭಜನೆ ಮುಗಿಯುವವರೆಗೆ ಬಿಸಿಲಲ್ಲಿ ನಿಲ್ಲುತ್ತಿದ್ದರು. ಮೂವತ್ತೆಂಟು ಮಂಗಗಳನ್ನು ಹಾಗೆ ಕಳಿಸಿಕೊಟ್ಟರು. ಹಿಂದಿನ ಸಾಲಿನಲ್ಲಿ ಕುಳಿತವರು ಬದುಕಿ ಕುಳಿತಿರುವುದು ಹೀಗೆ. ಅವರು ಕಂಡುಹಿಡಿದದ್ದನ್ನು ದೊಡ್ಡ ವೈದ್ಯರು ಹೇಳಲಿ. ನಾನು ಕಂಡದ್ದು ಆ ಹೊಲಿಗೆಯನ್ನು.

ಪೂರ್ವಾ ಅವರೇ, ಮಾನಪತ್ರಕ್ಕೆ ಕಟ್ಟು ಹಾಕಿಸುವ ಮೊದಲು ಆ ಒಂದು ವಾಕ್ಯವನ್ನು ದಯವಿಟ್ಟು ಹೊಡೆದುಹಾಕಬೇಕು. ಬಾಯಾರು ತಲೆ ಅಲ್ಲಾಡಿಸುತ್ತಿದ್ದಾರೆ, ಬೇಡ ಎನ್ನುತ್ತಿದ್ದಾರೆ. ಬಾಯಾರೇ, ಇಪ್ಪತ್ತಮೂರು ವರ್ಷದಲ್ಲಿ ನೀವು ಹೇಳಿದ್ದನ್ನು ನಾನು ಒಮ್ಮೆ ಮೀರಿದ್ದೆ, ಇದು ಎರಡನೆಯ ಸಲ. ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ಎಲ್ಲರಿಗೂ ನನ್ನ ಕೃತಜ್ಞತೆಗಳು. ಹದಿನೈದು ವರ್ಷ ತಡವಾದ ಒಂದು ಫಾರ್ಮನ್ನು ಈ ಸಭೆಯ ಎದುರು ಒಪ್ಪಿಸಿ ಕೂರುತ್ತೇನೆ.

೧೯೮೬, ಫೆಬ್ರುವರಿ, ಎರಡನೆಯ ವಾರ. ಸತ್ತ ಮಂಗಗಳ ಸಂಖ್ಯೆ: ಒಂದು. ಕಂಡವನು: ನನ್ನ ತಮ್ಮ ಭರಮಪ್ಪ. ಕೆಳಗೆ ಸಹಿ: ನಾಗಲಿಂಗ.

ನಮಸ್ಕಾರ.